ಹಗಲು ಬಿಟ್ಟ ನೀರು

ನನ್ನ ಅತ್ತೆ ನೀಲಮ್ಮನನ್ನು ಹೊಳೆಯ ಪಾಲು ಮಾಡಿದವನು ಅವಳ ಮಗ ಬಸವರಾಜನಲ್ಲ. ನಾನು.

ಈ ಸಾಲು ಬರೆದು ಎದ್ದೆ. ಗ್ಯಾಲರಿಗೆ ಹೋಗಿ ನಿಂತೆ, ಒಳಗೆ ಬಂದೆ, ಬರೆದದ್ದನ್ನು ಇನ್ನೊಮ್ಮೆ ಓದಿದೆ. ಇಷ್ಟು ಚಿಕ್ಕದೇ ಅದು? ಇದನ್ನು ಹೇಳಲಿಕ್ಕೆ ನನಗೆ ಇಷ್ಟೊಂದು ವರ್ಷ ಬೇಕಾಯಿತೇ — ಮೇಲೆ ಇನ್ನೊಂದು ಸಾವೂ ಬೇಕಾಯಿತೇ...

ಪುಣೆಯ ನಮ್ಮ ಕನ್ನಡ ಸಂಘದ ಸಂಚಿಕೆ ಓದುವ ನಿಮ್ಮಲ್ಲಿ ಬಹಳ ಜನ ಈ ಬೇಸಿಗೆಯಲ್ಲಿ ನಿಗಡಿಯ ನಮ್ಮ ಮನೆಗೆ ಬಂದಿದ್ದಿರಿ. ನನ್ನ ಹೆಂಡತಿ ಶಾಂತಾ ತೀರಿಕೊಂಡ ದಿನ. ಅವಳ ತಮ್ಮ ಬಸವರಾಜ ತವರಿನ ಸೀರೆ ಹಿಡಿದುಕೊಂಡು ಬಂದದ್ದನ್ನು, ನನ್ನ ಮಗಳು ಅವನನ್ನು ಬಾಗಿಲಲ್ಲೇ ತಡೆದದ್ದನ್ನು ನೀವು ನೋಡಿದಿರಿ. ‘ತಾಯಿಯನ್ನು ಕೊಂದವನಿಗೆ ಇಷ್ಟಾದರೂ ಆಗಬೇಕು’ ಎಂದು ಯಾರೋ ಮೆಟ್ಟಿಲ ಮೇಲೆ ಅಂದದ್ದು ನನ್ನ ಕಿವಿಗೆ ಬಿತ್ತು. ಅಂದವರ ತಪ್ಪಿಲ್ಲ. ನೀವೆಲ್ಲ ನಂಬಿಕೊಂಡು ಬಂದದ್ದನ್ನು ಕಟ್ಟಿಕೊಟ್ಟವನೇ ನಾನು. ಆದ್ದರಿಂದ ಬಿಚ್ಚಬೇಕಾದವನೂ ನಾನೇ.

ನನ್ನ ಹೆಸರು ಶಿವಪುತ್ರ. ಪುಣೆಯ ಕ್ಯಾಂಪ್ ಪ್ರದೇಶದ ಒಂದು ಹಳೆಯ ಕಟ್ಟಡದಲ್ಲಿ, ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ, ಕರೆಂಟು ಮಾರುವ ಆಫೀಸಿನಲ್ಲಿ ನನ್ನ ನೌಕರಿ. ಆ ಕಂಪನಿಯ ಹೆಸರು ಬರೆಯುವುದಿಲ್ಲ. ಬರೆದರೆ ತಪ್ಪಿನ ಒಂದು ಪಾಲು ಅದರ ಮೇಲೆ ಜಾರಿಸಿದಂತಾಗುತ್ತದೆ. ಜಾರಿಸುವುದರಲ್ಲಿ ನನಗೆ ಬಹಳ ರೂಢಿಯಿದೆ.

ಕೆಲಸ ಹೀಗಿತ್ತು. ಪುಣೆಯ ಮೇಲ್ಗಡೆ ಸರಕಾರದ ಒಂದು ಅಣೆಕಟ್ಟು. ನೀರು ಸರಕಾರದ್ದು — ಊರುಗಳಿಗೆ ಕುಡಿಯಲಿಕ್ಕೆ, ಕೆಳಗಿನ ಹೊಲಗಳಿಗೆ. ಅಣೆಯ ಬುಡದಲ್ಲಿ ಒಂದು ಸಣ್ಣ ಪವರ್ ಹೌಸ್. ನೀರು ಹೇಗಿದ್ದರೂ ಕೆಳಗೆ ಹೋಗಲೇಬೇಕಲ್ಲ, ಹೋಗುವ ಮುಂಚೆ ಒಂದು ಮಶೀನು ತಿರುಗಿಸಿ ಹೋಗಲಿ ಎಂದು ಅದನ್ನು ನಡೆಸಲು ನಮ್ಮ ಕಂಪನಿಗೆ ಕೊಟ್ಟಿದ್ದರು. ಎಷ್ಟು ನೀರು ಬಿಡಬೇಕೆಂದು ಹೇಳುವವರು ನೀರಾವರಿ ಖಾತೆಯವರು. ಆದರೆ ಮಳೆಗಾಲ ಮುಗಿಯುತ್ತ ಬಂದು ಅಣೆ ತುಂಬಿ ನಿಂತಾಗ, ದಿನದ ಯಾವ ಹೊತ್ತಿಗೆ ಬಿಡಬೇಕೆಂಬುದನ್ನು ಮಾತ್ರ ಅವರು ನಮಗೆ ಬಿಡುತ್ತಿದ್ದರು. ನೀರು ನಮ್ಮದಲ್ಲ. ನಾವು ಮಾರುತ್ತಿದ್ದುದು ಹೊತ್ತನ್ನು. ನಾಳೆಯ ದಿನವನ್ನು ಕಾಲು ಕಾಲು ತಾಸಿನ ತುಂಡು ಮಾಡಿ, ಯಾವ ತುಂಡಿಗೆ ದರ ಏರುತ್ತದೆಂದು ಅಂದಾಜು ಮಾಡಿ, ಆ ತುಂಡಿನಲ್ಲಿ ಇಷ್ಟು ಕರೆಂಟು ಕೊಡುತ್ತೇವೆಂದು ಇಂದೇ ಮಾತು ಕೊಡುವುದು. ಮಾತು ಕೊಟ್ಟ ಮೇಲೆ ಕೊಡದಿದ್ದರೆ ದಂಡ, ಅದಕ್ಕಿಂತ ಹೆಚ್ಚಿಗೆ ಸಾಹೇಬರ ಮುಖ. “ಶಬ್ದ ದಿಲಾ ಮ್ಹಣಜೇ ದಿಲಾ” ಎನ್ನುತ್ತಿದ್ದರು ನಮ್ಮ ಸಾಹೇಬರು. ಮಾತು ಕೊಟ್ಟರೆ ಕೊಟ್ಟಂತೆ.

ಸಾಮಾನ್ಯವಾಗಿ ದರ ಏರುವುದು ಸಂಜೆಗೆ, ಮನೆಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ. ಹಾಗಾಗಿ ನೀರು ಬಿಡುವುದೂ ಸಂಜೆಗೇ. ಅಣೆಯ ಕೆಳಗಿನ ಲೇಬರ್ ಕಾಲನಿಯವರಿಗೆ ಇದು ಬಾಯಿಪಾಠವಾಗಿತ್ತು. ಹಗಲೆಲ್ಲ ಹೊಳೆ ಬರೀ ಬಂಡೆ, ನಡುನಡುವೆ ನಿಂತ ನೀರಿನ ಮಡು. ಸಂಜೆ ಸೈರನ್ ಕೂಗಿದರೆ ಎಲ್ಲರೂ ದಂಡೆಗೆ. ಎಷ್ಟೋ ವರ್ಷದಿಂದ ನಡೆದುಬಂದ ಲೆಕ್ಕ ಅದು.

ಆ ಕಾಲನಿಯವರು ಬೇರೆ ಯಾರೂ ಅಲ್ಲ, ಅಣೆ ಕಟ್ಟಿದವರೇ. ನನ್ನ ಅತ್ತೆ-ಮಾವ ಆಳಂದದ ಕಡೆಯಿಂದ ಕಲ್ಲು ಹೊರಲು ಬಂದು, ಅಣೆ ಮುಗಿದ ಮೇಲೂ ಅಲ್ಲೇ ಉಳಿದವರು. ಶಾಂತಾ, ಬಸವರಾಜ ಇಬ್ಬರೂ ಹುಟ್ಟಿ ಬೆಳೆದದ್ದು ಅಲ್ಲಿಯೇ. ಮಾವ ಹೋದ ಮೇಲೆ ನೀಲಮ್ಮ ಮಗನ ಜೊತೆ ಅದೇ ಕಾಲನಿಯಲ್ಲಿದ್ದಳು. ಬಸವರಾಜ ಐಟಿಐ ಮುಗಿಸಿದಾಗ ಪವರ್ ಹೌಸಿನಲ್ಲಿ ಮಶೀನು ನೋಡಿಕೊಳ್ಳುವ ಕೆಲಸಕ್ಕೆ ಅವನನ್ನು ಹಚ್ಚಿದವನು ನಾನೇ. ಅವನು ಅದನ್ನು ಎಂದೂ ಮರೆಯಲಿಲ್ಲ. ಮರೆತಿದ್ದರೆ — ಅಂದು ನನಗೆ ‘ಆಗಾಂಗಿಲ್ಲ’ ಎಂದು ಹೇಳಿಬಿಡುತ್ತಿದ್ದನೇನೋ.

ಇನ್ನು ಆ ದಿನಕ್ಕೆ ಬರುತ್ತೇನೆ. ಬರಲೇಬೇಕು.

ನವರಾತ್ರಿಗೆ ಘಟ ಕೂರಿಸುವ ಮುಂಚಿನ ದಿನಗಳು. ನಮ್ಮ ಕಡೆ, ಇಲ್ಲಿಯ ಮರಾಠಿ ಮಂದಿಯಲ್ಲಿಯೂ, ಆಗ ಮನೆಯ ಹಾಸಿಗೆ-ಹೊದಿಕೆಯನ್ನೆಲ್ಲ ತೊಳೆದು ಒಣಗಿಸುವುದು ಪದ್ಧತಿ. ಒಂದು ಚಾದರವೂ ಬಿಡುವಂತಿಲ್ಲ. ಹಳೆಯ ಬಟ್ಟೆ ಪದರಪದರವಾಗಿ ಹೊಲಿದ ಕೌದಿ ಬಚ್ಚಲಲ್ಲಿ ತೊಳೆಯುವ ವಸ್ತುವಲ್ಲ, ಹೊಳೆಗೇ ಒಯ್ಯಬೇಕು. ಒದ್ದೆಯಾದರೆ ಅದು ಮನುಷ್ಯನಷ್ಟು ಭಾರ. ಒಬ್ಬರಿಂದ ಹಿಂಡಲಾಗುವುದಿಲ್ಲ, ಒಂದು ತುದಿ ಒಬ್ಬಳು, ಇನ್ನೊಂದು ತುದಿ ಇನ್ನೊಬ್ಬಳು ಹಿಡಿಯಬೇಕು. ಹಾಗಾಗಿ ಹೆಂಗಸರು ಗುಂಪಾಗಿ ಹೋಗುತ್ತಾರೆ. ಬಂಡೆಯ ಮೇಲೆಲ್ಲ ಕೌದಿ ಹರವಿ, ಒಣಗುವ ತನಕ ಅಲ್ಲೇ ಕೂತು, ರೊಟ್ಟಿ ಬಿಚ್ಚಿಕೊಂಡು ಉಂಡು, ಮಾತಾಡಿ ಬರುತ್ತಾರೆ. ಇದು ನನಗೆ ಗೊತ್ತಿತ್ತು. ಸಾಹೇಬರಿಗೂ ಗೊತ್ತಿರಬಹುದು, ಆದರೆ ಅವರಿಗೆ ಆ ಹೊಳೆಯಲ್ಲಿ ತಮ್ಮವರು ಯಾರೂ ಇರಲಿಲ್ಲ.

ಹಿಂದಿನ ದಿನ ಎಲ್ಲಿಯೋ ಒಂದು ದೊಡ್ಡ ಕಲ್ಲಿದ್ದಲ ವಿದ್ಯುತ್ ಕೇಂದ್ರ ಕೆಟ್ಟು ನಿಂತಿತ್ತು. ಮರುದಿನ ಹಗಲಿನ ದರ ಜಿಗಿಯುತ್ತದೆಂದು ಎಲ್ಲರಿಗಿಂತ ಮೊದಲು ಲೆಕ್ಕ ಹಾಕಿದವನು ನಾನು. ಸಂಜೆಯ ನೀರನ್ನು ಮಧ್ಯಾಹ್ನಕ್ಕೆ ಎಳೆದೆ. ಸಾಹೇಬರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಕಾಲನಿಗೆ ತಿಳಿಸುವ ಕೆಲಸ ಪವರ್ ಹೌಸಿನದು — ಅಲ್ಲಿಯ ಗುಡಿಯ ಮೈಕಿನಲ್ಲಿ ಕೂಗಿಸಬೇಕು. ಬಸವರಾಜನಿಗೆ ಹೊತ್ತು ಬದಲಾದ ಸುದ್ದಿ ಮುಟ್ಟಿಸಬೇಕಾದವನು ನಾನು. ಆ ಹೊಗಳಿಕೆಯ ಗುಂಗಿನಲ್ಲಿ ತಡ ಮಾಡಿ, ಮರುದಿನ ಬೆಳಗ್ಗೆ ಅವನು ಮನೆ ಬಿಟ್ಟು ಡ್ಯೂಟಿಗೆ ಹೋದ ಮೇಲೆ ಮುಟ್ಟಿಸಿದೆ.

ಮರುದಿನ ಮುಂಜಾನೆ ನಾನು ಬುತ್ತಿ ಕೈಯಲ್ಲಿ ಹಿಡಿದು ಹೊರಟಾಗ ಶಾಂತಾ ಅಡುಗೆಮನೆಯಿಂದಲೇ ಹೇಳಿದಳು:

“ಅವ್ವ ಇವತ್ತ ಕೌದಿ ಒಗೀಲಿಕ್ಕೆ ಹೊಳಿಗೆ ಹೋಗಾಕಿ ಅದಾಳ್ರಿ. ಮುಂಜಾನಿ ಥಂಡಿಗೆ ಮೊಳಕಾಲು ಹಿಡೀತಾವಂತ, ಊಟಾ ಮಾಡಿ ಬಿಸಿಲೇರಿದ ಮ್ಯಾಲೆ ಹೋಗ್ತೀನಿ ಅಂದ್ಲು. ಈ ವಯಸ್ಸಿನ್ಯಾಗ ಯಾಕ ಬೇಕು ಅಂದ್ರ ಕೇಳಬೇಕಲ್ಲ ಮುದುಕಿ.”

“ಹೂಂ” ಎಂದೆ.

ಆ ‘ಹೂಂ’ ಅನ್ನುವಾಗಲೇ ನನಗೆ ಹೊಳೆದಿತ್ತು. ಹೊಳೆಯಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಇಲ್ಲ, ಹೊಳೆದಿತ್ತು. ಊಟ ಮಾಡಿ, ಬಿಸಿಲೇರಿದ ಮೇಲೆ — ಅಂದರೆ ನಾನು ಮಾರಿದ ಹೊತ್ತೇ. ‘ಇವತ್ತು ಬೇಡ ಅನ್ನು’ ಎಂದರೆ ಸಾಕಿತ್ತು. ಬಾಗಿಲಿನಿಂದ ಒಂದು ಮಾತು. ಆದರೆ ಬಸ್ಸಿಗೆ ತಡವಾಗುತ್ತಿತ್ತು, ಮೈಕಿನಲ್ಲಿ ಕೂಗುತ್ತಾರಲ್ಲ ಎಂದುಕೊಂಡೆ, ಬಸವರಾಜ ಇದ್ದಾನಲ್ಲ ಎಂದುಕೊಂಡೆ. ಬಸ್ಸಿನಲ್ಲಿ ಮೊಬೈಲು ಜೇಬಿನಲ್ಲಿಯೇ ಇತ್ತು. ಹೊರಗೆ ತೆಗೆಯಲಿಲ್ಲ.

ಮಧ್ಯಾಹ್ನ ಬಸವರಾಜನ ಫೋನು ಬಂತು.

“ಭಾವಾರ, ಮೈಕ್ ಆಗಿಲ್ರಿ. ಗುಡಿ ಪೂಜಾರಿ ಕೀಲಿ ತಗೊಂಡು ಎಲ್ಲೋ ಹೋಗ್ಯಾನ. ಹೊಳಿಯಾಗ ಹೆಣ್ಮಕ್ಕಳು ಅದಾರ, ಕೌದಿ ಒಗಿಯೂ ದಿನಾ ನೋಡ್ರಿ. ಒಂದ್ ತಾಸು ಕೊಡ್ರಿ.”

“ಸೈರನ್ ಹೊಡಿ. ಏಳ್ತಾರ.”

“ಹಗಲು ಸೈರನ್ ಹೊಡದ್ರ ಟೆಸ್ಟಿಂಗ್ ಅಂತ ತಿಳೀತಾರ್ರಿ. ವಾರಾ ವಾರಾ ಹಗಲೇ ಟೆಸ್ಟ್ ಮಾಡ್ತೀವಲ್ಲ ನಾವು. ಯಾರೂ ಏಳಂಗಿಲ್ಲ.”

“ಬಸು, ಮಾತು ಕೊಟ್ಟಾಗೇದ. ಒಂದ್ ತಾಸು ಎಲ್ಲಿಂದ ತರ್ಲಿ ನಾನು?”

 ಅವನು ಅಂದ:

“ನಮ್ಮವ್ವಂತೂ ಮುಂಜಾನೇನ ಹೋಗಿ ಬಂದಿರ್ಬೇಕು, ಆಕಿದು ಚಿಂತಿಲ್ಲ. ನಾ ನಸುಕಿನ್ಯಾಗ ಡ್ಯೂಟಿಗೆ ಬಂದೀನಿ. ಉಳದವ್ರ ಚಿಂತಿ ನೋಡ್ರಿ ನಂದು.”

ಇಲ್ಲಿ... ಇಲ್ಲಿ ನಾನು ನಿಲ್ಲಬೇಕು. ಈ ಜಾಗಕ್ಕೆ ಬಂದಾಗಲೆಲ್ಲ ಎದ್ದು ಓಡಾಡಿದ್ದೇನೆ. ಈಗಲೂ ಎದ್ದಿದ್ದೆ.

ತಾಯಿ ಮನೆಗೆ ಬಂದಿದ್ದಾಳೆಂದು ಅವನು ತಿಳಿದಿದ್ದ. ಬಂದಿಲ್ಲ, ಈಗಷ್ಟೇ ಹೋಗಿರುತ್ತಾಳೆಂದು ನನಗೆ ಗೊತ್ತಿತ್ತು. ಅದು ಗೊತ್ತಿದ್ದವರು ಈ ಲೋಕದಲ್ಲಿ ನಾನೊಬ್ಬ, ಶಾಂತಾ ಒಬ್ಬಳು. ಶಾಂತಾಳಿಗೆ ನೀರಿನ ಹೊತ್ತು ಗೊತ್ತಿರಲಿಲ್ಲ. ಎರಡೂ ಗೊತ್ತಿದ್ದವನು ನಾನೊಬ್ಬನೇ. ನಾನು ಬಾಯಿ ತೆರೆದೆ — ತೆರೆದದ್ದು ಚೆನ್ನಾಗಿ ನೆನಪಿದೆ. ಹೇಳಿದರೆ ಅವನು ಮಶೀನಿಗೆ ಕೈ ಹಚ್ಚುವುದಿಲ್ಲ ಎಂಬುದು ಆಗ ಹೊಳೆಯಿತು. ತಾಯಿ ಹೊಳೆಯಲ್ಲಿದ್ದಾಳೆಂದರೆ ಯಾವ ಮಗ ಹಚ್ಚುತ್ತಾನೆ? ಸಾಹೇಬರು ಗಾಜಿನಾಚೆ ಕೂತು ನನ್ನ ಕಡೆಗೇ ನೋಡುತ್ತಿದ್ದರು. ನಾನು ಅಂದೆ:

“ಚಾಲೂ ಮಾಡು. ಆಗಾಂಗಿಲ್ಲ ಅಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ.”

ಅವನು ಸೈರನ್ ಹೊಡೆದ. ವಾಚಮನ್ನನನ್ನು ಸೈಕಲ್ಲಿನ ಮೇಲೆ ಹೊಳೆಗುಂಟ ಕಳಿಸಿದ. ತಾನು ಎಷ್ಟು ತಡೆಯಬಹುದೋ ಅಷ್ಟು ತಡೆದ. ತಡವಾಯಿತೆಂದು ನಾನು ಮತ್ತೆ ಫೋನು ಮಾಡಿದೆ. ಆಮೇಲೆ ಮಶೀನು ತಿರುಗಿತು. ನನ್ನ ಎದುರಿನ ಪರದೆಯ ಮೇಲೆ ಅಂಕಿಗಳು ಏರಿದವು, ಸಾಹೇಬರು ತಲೆಯಾಡಿಸಿದರು.

ಉಳಿದ ಹೆಂಗಸರು ಒದ್ದಾಡಿಕೊಂಡು ದಂಡೆ ಹತ್ತಿದರು. ನೀಲಮ್ಮನೂ ಹತ್ತಿದ್ದಳಂತೆ. ಬಂಡೆಯ ಮೇಲೆ ಒಂದು ಕೌದಿ ಉಳಿದಿದೆ ಎಂದು ತಿರುಗಿ ಇಳಿದಳಂತೆ. ‘ತಾನಾಗಿಯೇ ಇಳಿದಳು, ಯಾರೇನು ಮಾಡಲಿಕ್ಕಾಗುತ್ತದೆ’ ಎಂದು ಆಗ ಬಹಳ ಜನ ನನಗೆ ಸಮಾಧಾನ ಹೇಳಿದರು. ಆ ಮಾತನ್ನು ನಾನು ಎಷ್ಟೋ ವರ್ಷ ಹೊದ್ದುಕೊಂಡು ಮಲಗಿದೆ. ನೀರು ಇಷ್ಟಿಷ್ಟೇ ಏರುತ್ತಿರುವಾಗ, ಇದು ಸಂಜೆಯ ದೊಡ್ಡ ನೀರೇ ಎಂದು ಗೊತ್ತಿಲ್ಲದ ಒಬ್ಬ ಮುದುಕಿ ತನ್ನ ಗಂಡನ ಧೋತರ ಸೇರಿಸಿ ಹೊಲಿದ ಕೌದಿಯನ್ನು ಬಿಟ್ಟು ಬರುತ್ತಾಳೆಯೇ? ಬರಲಿಕ್ಕಿಲ್ಲ. ಬರಲಿಲ್ಲ.

ವಿಚಾರಣೆ ನಡೆಯಿತು. ಮಶೀನು ಚಾಲೂ ಮಾಡಲು ಹೇಳಿದ್ದು ಯಾರು, ಹೊಳೆ ನೋಡಿಕೊಂಡದ್ದು ಯಾರು ಎಂದು ಕೇಳಿದರು. ನಾನು ಮರಾಠಿಯಲ್ಲಿ ಹೇಳಿದೆ: ಹೊಳೆ ಖಾಲಿಯಿದೆ ಎಂದು ಪವರ್ ಹೌಸಿನಿಂದ ತಿಳಿಸಿದರು, ಆಮೇಲೆಯೇ ನಾನು ಚಾಲೂ ಮಾಡಲು ಹೇಳಿದೆ ಎಂದು. ತಾಯಿ ಸತ್ತ ಮಗ ನನ್ನ ಪಕ್ಕದ ಬೆಂಚಿನ ಮೇಲೆ ಕೂತು ಇದನ್ನು ಕೇಳಿಸಿಕೊಂಡ. ಅವನ ಸರದಿ ಬಂದಾಗ ‘ನನ್ನಿಂದ ತಪ್ಪು ಆಯಿತು’ ಎಂದಷ್ಟೇ ಹೇಳಿದ. ಹೊರಗೆ ಬಂದಾಗ, ಕಚೇರಿಯ ಹಿಂದೆ ಸೈಕಲ್ಲು ನಿಲ್ಲಿಸುವ ಕಡೆ, ನನ್ನ ಹತ್ತಿರ ಬಂದ. ಹೊಡೆಯುತ್ತಾನೆಂದು ತಿಳಿದೆ. ಹೊಡೆದಿದ್ದರೆ ಚೆನ್ನಾಗಿತ್ತು.

“ಅವ್ವಂತೂ ಹೋದ್ಲು ಭಾವಾರ. ಅಕ್ಕ ಗಂಡನ್ನೂ ಕಳಕೊಳ್ಳೂದು ಬ್ಯಾಡ. ನಾ ಬಾಯಿ ಬಿಡಾಂಗಿಲ್ಲ. ಆದ್ರ ನೀವಾಗೇ ಒಂದ್ ದಿನ ಅಕ್ಕಗ ಹೇಳ್ರಿ. ನನಗ ಅಷ್ಟು ಸಾಕು.”

“ಹೇಳ್ತೀನಿ ಬಸು” ಎಂದೆ.

ಅವನ ನೌಕರಿ ಹೋಯಿತು. ಕಾಲನಿ ಬಿಟ್ಟ. ಖಡಕಿಯ ಕಡೆ ಒಂದು ಖೋಲಿ ಹಿಡಿದು ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗತೊಡಗಿದ. ನನ್ನ ನೌಕರಿ ಉಳಿಯಿತು. ಶಾಂತಾ ತಮ್ಮನ ಹೆಸರೆತ್ತಲೂ ಬಿಡುತ್ತಿರಲಿಲ್ಲ. ಎತ್ತಿದರೆ, “ಸಂಬಳದ ಆಸೆಗೆ ಹಡದವ್ವನ ಮ್ಯಾಲೆ ನೀರು ಬಿಟ್ಟಾಂವ” ಎನ್ನುತ್ತಿದ್ದಳು. ಎದುರಿಗೆ ಕೂತು ನಾನು ಉಣ್ಣುತ್ತಿದ್ದೆ. ಎಷ್ಟು ಸಲ ಇಂದು ಹೇಳಬೇಕೆಂದು ಆಫೀಸಿನಿಂದ ಹೊರಟಿದ್ದೇನೆ — ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು, ನಿಗಡಿಯಲ್ಲಿ ಇಳಿದು, ಮನೆ ಮೆಟ್ಟಿಲು ಹತ್ತುತ್ತಲೇ... ಇಲ್ಲ. ಮಗಳು ಪೂಜಾ ಚಿಕ್ಕವಳು, ಮೊದಲು ಅವಳು ದೊಡ್ಡವಳಾಗಲಿ. ಈಗ ಅವಳ ಪರೀಕ್ಷೆ. ಈಗ ಶಾಂತಾಳಿಗೆ ಮೈಯಲ್ಲಿ ಹುಷಾರಿಲ್ಲ. ಹೀಗೆ ಒಂದೊಂದು ನೆವ, ಒಂದೊಂದೂ ನಿಜವಾದದ್ದೇ. ನಿಜವಾದ ನೆವಗಳ ಹಿಂದೆ ಅಡಗಿಕೊಳ್ಳುವುದು ಬಹಳ ಸುಲಭ.

ಇದಕ್ಕಿಂತ ಸಣ್ಣದೊಂದಿದೆ. ಸಣ್ಣದೆಂದೇ ನಾಚಿಕೆ ಹೆಚ್ಚು.

ಪಂಚಮಿ ಅಂದರೆ ನಮ್ಮಲ್ಲಿ ತವರಿನ ಹಬ್ಬ, ನಿಮಗೆ ಹೇಳಬೇಕಾಗಿಲ್ಲ. ಅಣ್ಣನೋ ತಮ್ಮನೋ ಕರೆಯಲು ಬರಬೇಕು, ತವರಿನ ಉಂಡಿ ತಿನ್ನಬೇಕು. ಬಸವರಾಜ ಮನೆಗೆ ಬರುವಂತಿರಲಿಲ್ಲ. ಹಾಗಾಗಿ ಪ್ರತಿ ಪಂಚಮಿಗೆ ಕ್ಯಾಂಪಿನ ನಮ್ಮ ಆಫೀಸಿನ ಕೆಳಗೆ ಬಂದು ನಿಲ್ಲುತ್ತಿದ್ದ, ಕೈಯಲ್ಲಿ ಸ್ಟೀಲಿನ ಡಬ್ಬಿ. “ಶೇಂಗಾದ್ದು ಆಕಿಗೆ ಭಾಳ ಸೇರ್ತಾವ. ನಾ ತಂದೀನಿ ಅಂತ ಹೇಳಬ್ಯಾಡ್ರಿ ಬೇಕಾದ್ರ, ಸುಮ್ನ ಮುಂದಿಟ್ಟಬಿಡ್ರಿ. ಅವ್ವ ಮಾಡ್ತಿದ್ದ ಹದಾ ಅದ, ನನ್ನ ಹೆಂಡತಿ ಕಲ್ತಾಳ. ಒಂದ್ ಕಡದ್ರ ಆಕಿಗೇ ತಿಳೀತದ.”

ಹದದಿಂದ ತಿಳಿಯುತ್ತದೆಂದೇ ನಾನು ಒಯ್ಯಲಿಲ್ಲ. ಒಮ್ಮೆಯೂ ಒಯ್ಯಲಿಲ್ಲ. ಉಂಡಿ ಎಲ್ಲಿಂದ ಬಂತು ಎನ್ನುವಳು, ಮಾತು ಬೆಳೆಯುವುದು, ಮಾತು ಎಲ್ಲಿಗೆ ಹೋಗಿ ನಿಲ್ಲುವುದೋ. ಆಫೀಸಿನಲ್ಲಿ ಹಂಚಿಬಿಡುತ್ತಿದ್ದೆ. “ಕಾನಡೀ ಲಾಡು ಆಲೇ!” — ಕನ್ನಡದವರ ಲಾಡು ಬಂದವೆಂದು ಎಲ್ಲರೂ ಮುಗಿಬೀಳುತ್ತಿದ್ದರು. ಖಾಲಿ ಡಬ್ಬಿ ತೊಳೆದು ಇಡುತ್ತಿದ್ದೆ. ಒಯ್ಯಲು ಬಂದಾಗ ಅವನು ಕೇಳುತ್ತಿದ್ದ, “ತಿಂದ್ಲೇನ್ರಿ?”

“ತಿಂದ್ಲು” ಎನ್ನುತ್ತಿದ್ದೆ.

“ಏನರೆ ಅಂದ್ಲೇನು?”

“ಏನೂ ಅನ್ನಲಿಲ್ಲ. ತಿಂದ್ಲು.”

ಆಗ ಅವನ ಮುಖ ಅರಳುತ್ತಿದ್ದುದನ್ನು ನಾನು ನೋಡಬಾರದಿತ್ತು. ಅಕ್ಕನಿಗೆ ಸಿಟ್ಟು ಇಳಿಯುತ್ತಿದೆ, ಭಾವ ಹೇಳಿರಬೇಕು, ಅಥವಾ ಹೇಳುತ್ತಿರಬೇಕು — ಹೀಗೆಂದು ಅವನು ತಿಳಿದಿದ್ದ. ವರ್ಷದಿಂದ ವರ್ಷಕ್ಕೆ ಅವನಿಗೆ ನಂಬಿಕೆ ಬಲಿಯುತ್ತಿತ್ತು. ಅದಕ್ಕೆ ನೀರು ಹಾಕುತ್ತಿದ್ದವನು ನಾನು.

ಈ ವರ್ಷ ಶಾಂತಾಳ ಬೇನೆ ಹೆಚ್ಚಿತು. ಕೊನೆಗೆ ಆಸ್ಪತ್ರೆ ಬೇಡವೆಂದಳು, ಮನೆಗೆ ತಂದೆವು. ಒಂದು ಮಧ್ಯಾಹ್ನ ಪೂಜಾಳನ್ನು ಹತ್ತಿರ ಕರೆದು ಅಂದಳು, “ನನಗ ತವರಿನ ಸೀರಿ ಹಾಕಬ್ಯಾಡ್ರಿ ಪೂಜಾ. ತರ್ತಾನಂವ, ನನಗ ಗೊತ್ತದ. ಅವ್ವನ ಮ್ಯಾಲೆ ನೀರು ಬಿಟ್ಟ ಕೈ ಅದು. ಆ ಕೈಲೆ ತಂದದ್ದು ನನ್ನ ಮೈಮ್ಯಾಲೆ ಬ್ಯಾಡ.” ನಾನು ಮಂಚದ ಆಚೆ ಬದಿಯಲ್ಲಿ ಔಷಧ ಕಲಸುತ್ತಿದ್ದೆ. ಚಮಚ ಕಲಸುತ್ತಲೇ ಇತ್ತು. ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ, ಅದರ ನಂತರ ಹೊತ್ತೇ ಇರಲಿಲ್ಲ. ‘ಶಾಂತಾ, ಆ ಕೈ ನಂದು’ ಎನ್ನಬೇಕಿತ್ತು. ಸಾಯುವವಳಿಗೆ ಯಾಕೆ ನೋವು ಕೊಡಬೇಕು ಎಂದುಕೊಂಡೆ. ಎಂಥ ಕರುಣೆ ನನ್ನದು! ಆ ಕರುಣೆ ಯಾರ ಮೇಲಿತ್ತು ಎಂಬುದು ನನಗೆ ಗೊತ್ತು.

ಮುತ್ತೈದೆ ಹೋದರೆ ತವರಿನ ಸೀರೆ ಹೊದಿಸಿಯೇ ಮಣ್ಣಿಗೆ ಒಯ್ಯುವುದು ನಮ್ಮ ಪದ್ಧತಿ. ಅವನು ಹಸಿರು ಸೀರೆ ತಂದಿದ್ದ, ಎರಡೂ ಕೈಯಲ್ಲಿ ಹಿಡಿದಿದ್ದ. ಪೂಜಾ ಬಾಗಿಲಿಗೆ ಅಡ್ಡ ನಿಂತಳು.

“ಬ್ಯಾಡ ಮಾಮಾ. ಅವ್ವ ಬ್ಯಾಡಂದಾಳ.”

“ಯಾವಾಗ ಅಂದ್ಲು? ಇಲ್ಲ ಪೂಜಾ... ಅಕ್ಕನ ಸಿಟ್ಟು ಇಳದಿತ್ತು. ಪ್ರತಿ ಪಂಚಮಿಗೆ ನನ್ನ ಉಂಡಿ ತಿಂತಿದ್ಲು.”

“ಯಾವ ಉಂಡಿ?”

ಬಸವರಾಜ ನನ್ನನ್ನು ನೋಡಿದ. ಬಾಗಿಲ ಹಿಂದೆ, ಗೋಡೆಗೆ ಒರಗಿ ನಾನು ನಿಂತಿದ್ದೆ. ನೀವೆಲ್ಲ ಸುತ್ತ ಇದ್ದಿರಿ.  ಅಷ್ಟು ವರ್ಷದ ಉಂಡಿ ಎಲ್ಲಿಗೆ ಹೋಯಿತು, ಅಷ್ಟು ವರ್ಷ ನಾನು ಏನನ್ನು ಹೇಳಿಲ್ಲ — ಎಲ್ಲ ಅವನಿಗೆ ಒಮ್ಮೆಲೇ ತಿಳಿಯಿತು. ನಾನು ತಲೆ ಕೆಳಗೆ ಹಾಕಿದೆ. ಆಗಲೂ ನಾನು ಬಾಯಿ ಬಿಡಲಿಲ್ಲ. ಶಾಂತಾ ಇನ್ನೂ ಮನೆಯೊಳಗೇ ಇದ್ದಳು, ಮಣ್ಣಿಗೆ ಹೋಗಿರಲಿಲ್ಲ.

ಅವನು ಸೀರೆಯನ್ನು ಮಡಿಕೆಯ ಮೇಲೆ ಮಡಿಕೆ ಮಾಡಿ, ಬಗಲಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದು ಹೋದ. ಶಾಂತಾಳ ಮೇಲೆ ಅಂಗಡಿಯಿಂದ ಅವಸರದಲ್ಲಿ ತರಿಸಿದ ಒಂದು ಸೀರೆ ಹೊದಿಸಿದೆವು.

ಶಾಂತಾ — ಈಗ ನಿನಗೆ ಹೇಳುತ್ತೇನೆ, ನೀನು ಕೇಳುವುದಿಲ್ಲವೆಂದು ಗೊತ್ತಿದ್ದೂ. ನಿನ್ನ ತಮ್ಮ ಅಂದು ಒಂದು ತಾಸು ಕೇಳಿದ್ದ. ಅವಳು ಅಲ್ಲಿದ್ದಾಳೆಂದು ತಿಳಿಯದೆ, ಬೇರೆಯವರ ಅವ್ವಂದಿರಿಗಾಗಿ ಕೇಳಿದ್ದ. ನೀನು ಅಡುಗೆಮನೆಯಿಂದ ನನ್ನ ಕೈಯಲ್ಲಿಟ್ಟ ಮಾತನ್ನು ಅವನಿಗೆ ಕೊಡಬೇಕಾಗಿದ್ದವನು ನಾನು. ಅದನ್ನು ನುಂಗಿದೆ. ಮತ್ತೆ, ನಿನ್ನ ಪಾಲಿನ ಉಂಡಿಯನ್ನೂ...

ಹೋಗಲಿ. ನಿನಗೆ ಹೇಳುವುದು ಈಗ ಸುಲಭ. ಸುಲಭವಾದದ್ದು ಯಾವುದನ್ನೂ ನಾನಿನ್ನು ನಂಬುವುದಿಲ್ಲ.

ದಿನಕರ್ಮ ಮುಗಿದು ಮನೆ ಖಾಲಿಯಾದ ಮೇಲೆ ಪೂಜಾಳಿಗೆ ಹೇಳಿದೆ. ಅವಳು ಅವ್ವನ ಬಟ್ಟೆಗಳನ್ನು ವಿಂಗಡಿಸುತ್ತಿದ್ದಳು. ಎಲ್ಲ ಹೇಳಿದೆ, ಮುಂಜಾನೆಯ ‘ಹೂಂ’ನಿಂದ ಹಿಡಿದು.  ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಅಂದಳು:

“ಆ ಸೀರಿ ನಾ ತಿರಿಗಿಸಿ ಕಳಿಸಿದೆ, ಅಪ್ಪಾ. ನನ್ನ ಕೈಲೆ. ನೀವು ಅಲ್ಲೇ ನಿಂತಿದ್ರಿ.”

“ಹೌದು.”

“ನನ್ನ ಕಡಿಂದ ಮಾಡಿಸಿದ್ರಿ.”

ಮಾಡಿಸಲಿಲ್ಲ, ಸುಮ್ಮನಿದ್ದೆ ಎಂದು ನಾಲಗೆಯ ತುದಿಗೆ ಬಂದಿತ್ತು. ಬಸವರಾಜನ ವಿಷಯದಲ್ಲೂ ಅದನ್ನೇ ಅಂದುಕೊಂಡಿದ್ದೆನಲ್ಲ — ಮಶೀನು ತಿರುಗಿಸಿದ್ದು ಅವನ ಕೈ, ಬಾಗಿಲಲ್ಲಿ ಅಡ್ಡ ನಿಂತದ್ದು ಇವಳ ಕೈ. ನನ್ನ ಕೈ ಯಾವಾಗಲೂ ಸ್ವಚ್ಛ. “ಹೌದು, ಮಾಡಿಸಿದೆ” ಎಂದೆ.

“ಮಾಮಾಗ ಗೊತ್ತೇನು? ಅಜ್ಜಿ ಅಲ್ಲೇ ಅದಾಳಂತ ನಿಮಗ ಗೊತ್ತಿತ್ತು ಅನ್ನೂದು?”

“ಇಲ್ಲ.”

“ಹಂಗಾರ ನನ್ನ ಮುಂದ ಯಾಕ ಕುಂತೀರಿ?”

ಖಡಕಿಗೆ ಹೋದೆ. ಬಸವರಾಜ ಕೆಲಸದಿಂದ ಆಗಷ್ಟೇ ಬಂದಿದ್ದ, ಕೂದಲಲ್ಲಿ ಸಿಮೆಂಟಿನ ಧೂಳು. ಕೂತುಕೊಳ್ಳಿ ಎಂದ, ಹೆಂಡತಿಗೆ ಚಹಾ ಇಡಲು ಹೇಳಿದ. ಬಾಗಿಲಲ್ಲಿ ಆದದ್ದನ್ನು ಅವನು ಎತ್ತಲೇ ಇಲ್ಲ. “ಮೈ ಹೆಂಗದ? ಊಟಾ ಮಾಡ್ತೀರಿಲ್ಲೋ? ಪೂಜಾಗ ಒಬ್ಬಾಕಿಗೇ ಬಿಡಬ್ಯಾಡ್ರಿ ಮನ್ಯಾಗ” ಎಂದ. ನಾನು ಉಂಡಿಯ ವಿಷಯ ಹೇಳಿದೆ. ತಲೆಯಾಡಿಸಿದ. “ಬಾಗಲದಾಗ ತಿಳೀತು ಬಿಡ್ರಿ. ನಿಮ್ಮ ಆಫೀಸ್ನ್ಯಾಗರೆ ಛಂದ ಆಗ್ಯಾವ ಅಂದ್ರಿಲ್ಲೋ?” ಎಂದು ಅವನು ನಗಲು ನೋಡಿದ್ದು ನನಗೆ ತಡೆಯಲಾಗಲಿಲ್ಲ. ಆಗ ಉಳಿದದ್ದನ್ನು ಹೇಳಿದೆ. ಶಾಂತಾ ಮುಂಜಾನೆ ಹೇಳಿದ ಮಾತು, ‘ಊಟಾ ಮಾಡಿ ಬಿಸಿಲೇರಿದ ಮ್ಯಾಲೆ’ ಎಂಬುದು. ಅವನು ಫೋನಿನಲ್ಲಿ ‘ಆಕಿದು ಚಿಂತಿಲ್ಲ’ ಎಂದಾಗ ನನಗೆ ಅದು ಗೊತ್ತಿತ್ತು ಎಂಬುದು. ಇದನ್ನೆಲ್ಲ ಸಂಘದ ಸಂಚಿಕೆಯಲ್ಲಿ ಬರೆಯುತ್ತೇನೆ ಎಂದೂ ಅಂದೆ.

ಚಹಾ ಬಂತು. ಅವನು ಕಪ್ಪು ತೆಗೆದುಕೊಳ್ಳಲಿಲ್ಲ.

“ನಿಮಗ ಗೊತ್ತಿತ್ತು.”

“ಗೊತ್ತಿತ್ತು ಬಸು.”

“ಒಂದ್ ಮಾತು ಅಂದಿದ್ರ... ನೌಕರಿ ಹಾಳಾಗ್ಲಿ, ಮಶೀನ್ ಅಲ್ಲೇ ಬಿಟ್ಟು ಓಡಿಹೋಗಿ ಹೊತ್ಕೊಂಡು ಬರ್ತಿದ್ದೆ ಆಕಿನ್ನ.” ಅವನ ದನಿ ಏರಲಿಲ್ಲ. “ಇಷ್ಟು ವರ್ಷ ನಾ ಏನಂದ್ಕೊಂಡಿದ್ದೆ ಗೊತ್ತೇನು? ನಮ್ಮಿಬ್ಬರ ತಪ್ಪು ಇದು, ಭಾವಾಗೂ ತಿಳೀದಽ ಆಗೇದ, ನನಗೂ ತಿಳೀದಽ ಆಗೇದ. ಅದಕ್ಕಽ ಸುಮ್ನಿದ್ದೆ ನಾ. ನೀವು ತಿಳದು ಮಾಡೀರಿ.”



“ಏಳ್ರಿ” ಎಂದ. “ಬೈಯಾಂಗಿಲ್ಲ ನಾ. ನೀವು ಏಳ್ರಿ ಮೊದಲ.”

ಬಾಗಿಲ ತನಕ ಬಂದ. ಅಲ್ಲಿ ನಿಂತು ಅಂದ: “ಸಂಘದ ಪುಸ್ತಕದಾಗ ಬರೀತೀರಿ ಅಂದ್ರಲ್ಲ. ಬರೀರಿ, ಹೆಸರು ಹಾಕಿ ಬರೀರಿ, ನಂದೂ ನಿಮ್ಮದೂ. ಆದ್ರ ಅಲ್ಲಿಗೇ ಮುಗೀಲಿಲ್ಲ. ಕಾಲನ್ಯಾಗ ಆ ಹೆಣ್ಮಕ್ಕಳು ಇನ್ನೂ ಅದಾರ, ಅವತ್ತು ಹೊಳಿಯಾಗ ಇದ್ದಾಕಿಗಳು. ನಾ ಸತ್ತ್ರೂ ಆ ಕಡೆ ಮಾರಿ ಹಾಕಾಂಗಿಲ್ಲ ಅಂದ್ಕೊಂಡು ಇಷ್ಟು ದಿನ ಕಳದೀನಿ. ಅವ್ರ ಮುಂದ ನಿಂತು ಹೇಳ್ರಿ. ನಾ ಎದುರಿಗೆ ಇರ್ತೀನಿ.”

ಇದು ಆ ಬರಹ. ಓದಿದವರು ನನ್ನನ್ನು ಮಾತಾಡಿಸದಿದ್ದರೆ ಅದು ನ್ಯಾಯವೇ. ಆದರೆ ಬಸವರಾಜ ಎದುರಿಗೆ ಸಿಕ್ಕರೆ ದಯವಿಟ್ಟು ಮುಖ ತಿರುಗಿಸಬೇಡಿ, ಅವನ ಮಕ್ಕಳ ಎದುರಿಗಂತೂ ಬೇಡ. ತಾಯಿಯನ್ನು ಕಳಕೊಂಡು, ಅದೇ ಮಾತಿಗೆ ಅಕ್ಕನನ್ನೂ ಕಳಕೊಂಡ ಮನುಷ್ಯ ಅವನು. ಆ ಎರಡಕ್ಕೂ ಕಾರಣ ನಾನು. ನನ್ನನ್ನು ಯಾರೂ ಸಮಾಧಾನ ಮಾಡುವ ಅಗತ್ಯವಿಲ್ಲ.

ರವಿವಾರ ಕಾಲನಿಗೆ ಹೋಗಬೇಕು. ಅಲ್ಲಿ ಏನು ಹೇಳಬೇಕೆಂದು ಕೂತು ಯೋಚಿಸುತ್ತೇನೆ, ಏಳುತ್ತೇನೆ, ಮತ್ತೆ ಕೂರುತ್ತೇನೆ. ನಿನ್ನೆ ಪೂಜಾಳನ್ನು ಕೇಳಿದೆ, “ಬರ್ತೀಯೇನವಾ ನನ್ನ ಜೋಡಿ?”

“ಬರ್ತೀನಿ” ಎಂದಳು. “ಮಾಮಾನ ಜೋಡಿ. ಖಡಕಿಗೆ ಹೋಗಿ, ಅಲ್ಲಿಂದ ಅವ್ರ ಜೋಡಿ ಬರ್ತೀನಿ. ನೀವು ನಮ್ಮ ಹಿಂದ ಬರೂ ಬಸ್ಸಿಗೆ ಬರ್ರಿ.”

ಹಿಂದೆ ಬರುವ ಬಸ್ಸಿಗೇ ಬರುತ್ತೇನೆಂದು ಹೇಳಿದ್ದೇನೆ.